ವಿಜಯನಗರವನ್ನು ಕಂಡವರೂ ವಿಜಯನಗರದಲ್ಲಿ ಬಾಳಿದವರೂ

೧

ಒಂದು ನಾಡಿನ ಪೂರ್ವಸ್ಥಿತಿಯನ್ನು ಅರಿಯಬೇಕಾದರೆ ಆ ನಾಡಿನಲ್ಲಿಯೇ ಹುಟ್ಟಿ ಬೆಳೆದವನ ಮಾತನ್ನು ನಂಬಬೇಕೋ, ಹೊರಗಿನಿಂದ ಬಂದು ಕೆಲಕಾಲ ನಿಂತು ನೋಡಿ ಹೋದವನ ಮಾತನ್ನು ನಂಬಬೇಕೋ ಎಂಬ ಪ್ರಶ್ನೆಯು ಇತಿಹಾಸಕಾರನಿಗೆ ಪದೇ ಪದೇ ಎದುರಾಗುವುದು. ನಮ್ಮ ನಾಡಿನ ಚರಿತ್ರೆಯಲ್ಲಿ ಈ ಪ್ರಶ್ನೆಯು ಬಹು ತೀಕ್ಷ್ಣವಾಗಿ ಕಾಣಿಸಿಕೊಳ್ಳುವುದು ವಿಜಯನಗರದ ವಿಷಯದಲ್ಲಿ. ಆ ಪಟ್ಟಣದ ಬೀದಿ, ಅಂಗಡಿ, ಅರಮನೆ, ಉತ್ಸವಗಳ ವಿಷಯವಾಗಿ ಇಂದು ಸಾಮಾನ್ಯ ವಾಚಕರಿಗೆ ತಿಳಿದಿರುವುದರಲ್ಲಿ ಬಹುಭಾಗವು ಪರದೇಶಸ್ಥರ ಬರಹಗಳಿಂದ ಬಂದುದಾಗಿರುತ್ತದೆ.

ಇದು ಹೀಗಾದುದಕ್ಕೆ ಕಾರಣವುಂಟು. ದೊಮಿಂಗೊ ಪೇಸ್ ಮತ್ತು ಫೆರ್ನಾವೊ ನೂನಿಜ್ ಎಂಬ ಇಬ್ಬರು ಪೋರ್ತುಗೀಸರ ವೃತ್ತಾಂತಗಳು ಪ್ಯಾರಿಸ್ ನಗರದ ಗ್ರಂಥಭಂಡಾರದಲ್ಲಿ ಹಸ್ತಪ್ರತಿಯ ರೂಪದಲ್ಲಿದ್ದು, ೧೮೯೭ರಲ್ಲಿ ದಾವಿದ್ ಲೋಪೆಸ್ ಎಂಬ ವಿದ್ವಾಂಸರಿಂದ ಲಿಸ್ಬನ್ನಿನಲ್ಲಿ ಪ್ರಕಟವಾದುವು. ರಾಬರ್ಟ್ ಸಿವೆಲ್ಲರು ಅವುಗಳನ್ನು ಇಂಗ್ಲಿಷಿಗೆ ಪರಿವರ್ತಿಸಿ, ೧೯೦೦ರಲ್ಲಿ ತಮ್ಮ ಪ್ರಸಿದ್ಧ ಗ್ರಂಥದೊಡನೆ ಸೇರಿಸಿದರು. ಆ ಗ್ರಂಥಕ್ಕೆ ಅವರಿಟ್ಟ ಹೆಸರಿನಲ್ಲಿ ವಿಜಯನಗರವು 'ಮರೆತುಹೋದ ಸಾಮ್ರಾಜ್ಯ'ವೆನಿಸಿತು. ಮರೆತವರು ಯಾರು ಎಂದು ಇಲ್ಲಿ ಕೇಳಬೇಕಾಗಿದೆ. ೧೫೬೫ರ ಯುದ್ಧದ ತರುವಾಯ ಪಟ್ಟಣವು ಹಾಳಾದರೂ ಪಂಪಾಕ್ಷೇತ್ರದ ವಿರೂಪಾಕ್ಷನ ಪೂಜೆಯು ನಿಲ್ಲಲಿಲ್ಲ. ರಾಯರ ಕಾಲದ ಕಾಲುವೆಗಳಿಂದ ಗದ್ದೆಗೆ ನೀರು ಹಾಯಿಸುವವರು ರಾಯರನ್ನು ಮರೆಯಲಿಲ್ಲ. ಆದುದರಿಂದ ಗ್ರಂಥದ ಹೆಸರೇ ಹೊರಗೆ ನಿಂತವನ ಮಾತಾಗಿದೆ. ಸಿವೆಲ್ಲರ ಪರಿಶ್ರಮಕ್ಕೆ ನಾವೆಲ್ಲರೂ ಋಣಿಗಳೇ ಆಗಿದ್ದರೂ ಈ ಮಾತನ್ನು ಹೇಳದೆ ಇರಲಾಗದು.

ಇದಕ್ಕೆ ಪ್ರತಿಯಾಗಿ ದೇಶೀಯ ಸಾಮಗ್ರಿಯನ್ನು ಕೂಡಿಸುವ ಕಾರ್ಯವೂ ನಡೆಯಿತು. ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ಯರು ೧೯೧೯ರಲ್ಲಿ ಸಂಸ್ಕೃತ, ತೆಲುಗು ಮುಂತಾದ ಕಾವ್ಯಗಳಿಂದ ಚರಿತ್ರಾಂಶಗಳನ್ನು ಆಯ್ದು ಪ್ರಕಟಿಸಿದರು. ಸಾಮ್ರಾಜ್ಯವು ಸ್ಥಾಪಿತವಾದ ಆರುನೂರನೆಯ ವರ್ಷದ ಸ್ಮರಣೆಗಾಗಿ ೧೯೩೬ರಲ್ಲಿ ಧಾರವಾಡದಿಂದ ಒಂದು ಸಂಪುಟವು ಹೊರಬಂದಿತು. ೧೯೪೬ರಲ್ಲಿ ನೀಲಕಂಠಶಾಸ್ತ್ರಿಗಳೂ ವೆಂಕಟರಮಣಯ್ಯನವರೂ ಮತ್ತಷ್ಟು ಆಧಾರಗಳನ್ನು ಸಂಗ್ರಹಿಸಿಕೊಟ್ಟರು. ಹೀಗೆ ಎರಡು ರಾಶಿಯ ಸಾಕ್ಷ್ಯಗಳು ನಮ್ಮ ಮುಂದೆ ಬಿದ್ದಿವೆ. ಒಂದು ಪಕ್ಷದವರು, ದೇಶೀಯರು ಕವಿಗಳು, ಹೊಗಳುಭಟರು, ಅವರಿಗೆ ಚರಿತ್ರಬುದ್ಧಿಯಿಲ್ಲ, ಆದುದರಿಂದ ಪರದೇಶಸ್ಥರೇ ಪ್ರಮಾಣ ಎನ್ನುವರು. ಮತ್ತೊಂದು ಪಕ್ಷದವರು, ಭಾಷೆಯನ್ನೂ ಧರ್ಮವನ್ನೂ ತಿಳಿಯದ ಪರದೇಶಸ್ಥನಿಗೆ ಏನು ಗೊತ್ತು ಎನ್ನುವರು. ಈ ಎರಡೂ ಮಾತುಗಳು ಅರ್ಧಸತ್ಯಗಳೆಂಬುದನ್ನು ಕೆಲವು ನಿದರ್ಶನಗಳಿಂದ ತೋರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಹೊರಗಿನವರನ್ನು ವಿಚಾರಿಸೋಣ. ಅವರನ್ನು ಒಂದೇ ಗುಂಪಾಗಿ ಎಣಿಸುವುದು ಸರಿಯಲ್ಲ. ೧೪೨೦ರ ಸುಮಾರಿಗೆ ಬಂದ ಇಟಲಿಯ ನಿಕೊಲೊ ಕಾಂಟಿ ವರ್ತಕನು. ಅವನು ತಾನಾಗಿ ಬರೆದುದಲ್ಲ, ಊರಿಗೆ ಹಿಂದಿರುಗಿದ ಮೇಲೆ ಹೇಳಿದುದನ್ನು ಪೊಜ್ಜೊ ಎಂಬ ಪಂಡಿತನು ಲ್ಯಾಟಿನ್ ಭಾಷೆಯಲ್ಲಿ ಬರೆದುಕೊಂಡನು. ೧೪೪೩ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕನು ಹೆರಾತಿನ ದೊರೆ ಶಾರೂಖನ ರಾಯಭಾರಿ. ಪಾರಸಿಯಲ್ಲಿ ಚರಿತ್ರೆಯನ್ನು ಬರೆದ ವಿದ್ವಾಂಸನು. ಪೇಸನು ೧೫೨೦ರ ಸುಮಾರಿಗೆ ಕೃಷ್ಣದೇವರಾಯನ ವೈಭವಕಾಲದಲ್ಲಿ ಬಂದವನು. ನೂನಿಜನು ಅಚ್ಯುತರಾಯನ ಕಾಲದಲ್ಲಿ, ೧೫೩೫ರಿಂದ ೧೫೩೭ರವರೆಗಿನ ಅವಧಿಯಲ್ಲಿ, ಇಲ್ಲಿದ್ದ ಕುದುರೆಯ ವ್ಯಾಪಾರಿ. ಅರಸನ ಎದುರಿಗೆ ಕುಳಿತ ರಾಯಭಾರಿಗೂ, ಕುದುರೆಯ ಬೆಲೆಗಾಗಿ ನಾಯಕರ ಬಾಗಿಲಲ್ಲಿ ಕಾದು ನಿಂತ ವ್ಯಾಪಾರಿಗೂ ಒಂದೇ ನಾಡು ಒಂದೇ ರೀತಿಯಾಗಿ ಕಾಣುವುದು ಹೇಗೆ?

ಆದರೂ ಇವರೆಲ್ಲರಿಗೂ ಸಾಮಾನ್ಯವಾದ ಒಂದು ಅಂಶವುಂಟು. ಇವರು ಬರೆದುದು ಈ ನಾಡನ್ನು ಎಂದೂ ಕಾಣದವರಿಗಾಗಿ. ಆದುದರಿಂದ ನಮ್ಮವರಿಗೆ ಹೇಳಬೇಕೆಂದು ತೋರದ ಸಂಗತಿಗಳೇ ಇವರ ಬರಹದಲ್ಲಿ ಮೊದಲು ಸ್ಥಾನ ಪಡೆಯುತ್ತವೆ. ಅಬ್ದುರ್ ರಜಾಕನು ನಮ್ಮವರ ಬರವಣಿಗೆಯ ವಿಷಯವಾಗಿ ಹೇಳುವುದನ್ನು ನೋಡಬಹುದು. ಇವರಲ್ಲಿ ಎರಡು ವಿಧವಾದ ಬರಹವುಂಟು, ಒಂದು ಉದ್ದವಾದ ಓಲೆಯ ಮೇಲೆ ಕಬ್ಬಿಣದ ಲೇಖನಿಯಿಂದ ಕೊರೆಯುವುದು, ಇನ್ನೊಂದು ಬಿಳಿಯ ಹಾಳೆಗೆ ಕಪ್ಪು ಬಳಿದು ಮೆದುವಾದ ಕಲ್ಲಿನ ಕಡ್ಡಿಯಿಂದ ಬರೆಯುವುದು, ಎರಡನೆಯದೇ ಹೆಚ್ಚು ಬಾಳಿಕೆಯದು ಎಂದು ಅವನು ತಿಳಿಸುತ್ತಾನೆ. ಇದು ನಮ್ಮ ಕಡತವೂ ಬಳಪವೂ ಅಲ್ಲದೆ ಮತ್ತೇನು? ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು ಮಡಿಸಿಟ್ಟ ಕಡತಗಳನ್ನು ಶಾನುಭೋಗರ ಮನೆಗಳಲ್ಲಿ ನಮ್ಮ ಹಿರಿಯರು ಕಂಡಿದ್ದರು. ಶೃಂಗೇರಿ ಮಠದ ಕಡತಗಳು ಸಂಶೋಧಕರಿಗೆ ಸುಪರಿಚಿತ. ಆದರೆ ಕಡತದಲ್ಲಿ ಲೆಕ್ಕ ಬರೆದವನು ಕಡತವೆಂದರೆ ಎಂಥದೆಂದು ಬರೆಯಲು ಕಾರಣವೇ ಇರಲಿಲ್ಲ. ಐದುನೂರು ವರ್ಷಗಳಿಗೆ ಹಿಂದೆ ವಿಜಯನಗರದ ಕರಣಿಕನು ಕೈಯಲ್ಲಿ ಏನನ್ನು ಹಿಡಿದಿದ್ದನೆಂಬುದನ್ನು ನಮಗೆ ತಿಳಿಸಬೇಕಾದರೆ ಹೆರಾತಿನಿಂದ ಒಬ್ಬನು ಬರಬೇಕಾಯಿತು.

ಅರಸನ ರೂಪದ ವಿಷಯವೂ ಇಂಥದೇ. ಕೃಷ್ಣದೇವರಾಯನನ್ನು ನಮ್ಮ ಕವಿಗಳು ಮನ್ಮಥನಿಗೂ ಚಂದ್ರನಿಗೂ ಹೋಲಿಸಿ ತೃಪ್ತರಾದರು. ತಿರುಮಲೆಯಲ್ಲಿ ತಿರುಮಲಾದೇವಿ ಚಿನ್ನಾದೇವಿಯರೊಡನೆ ಕೈಮುಗಿದು ನಿಂತಿರುವ ಅವನ ಲೋಹವಿಗ್ರಹದಲ್ಲಿಯೂ ಭಕ್ತನ ಪ್ರಶಾಂತತೆಯೇ ಪ್ರಧಾನವಾಗಿದೆ. ಪೇಸನಾದರೋ ಅವನನ್ನು ಮಧ್ಯಮ ಎತ್ತರದವನು, ಬಣ್ಣದಲ್ಲಿ ಬೆಳ್ಳಗಿನವನು, ತೆಳ್ಳಗೆನ್ನುವುದಕ್ಕಿಂತ ಸ್ವಲ್ಪ ದಪ್ಪನಾದವನು, ಮುಖದಲ್ಲಿ ಸಿಡುಬಿನ ಕಲೆಗಳುಳ್ಳವನು ಎಂದು ವರ್ಣಿಸುತ್ತಾನೆ. ಬೆಳಗಾಗುವುದಕ್ಕೆ ಮೊದಲೇ ಅರಸನು ಎಳ್ಳೆಣ್ಣೆಯನ್ನು ಕುಡಿದು, ಮೈಗೆ ಎಣ್ಣೆ ಪೂಸಿಸಿಕೊಂಡು, ಭಾರಗಳನ್ನೆತ್ತಿ, ಕತ್ತಿ ತಿರುವಿ, ಜಟ್ಟಿಯೊಡನೆ ಸೆಣಸಿ, ಕುದುರೆಯೇರಿ ಹೋಗುತ್ತಿದ್ದನೆಂದು ದಿನಚರಿಯನ್ನೂ ಕೊಡುತ್ತಾನೆ. ಸಿಡುಬಿನ ಕಲೆಯನ್ನು ಬರೆದುದು ಅಗೌರವದಿಂದಲ್ಲ. ಅರಸನಲ್ಲಿ ಪೇಸನಿಗಿದ್ದ ಆದರವು ಅವನ ಬರಹದಲ್ಲೆಲ್ಲ ವ್ಯಕ್ತವಾಗಿದೆ. ರಾಜನನ್ನು ಹೀಗೆಯೇ ವರ್ಣಿಸಬೇಕೆಂಬ ನಮ್ಮ ಕಾವ್ಯಸಂಪ್ರದಾಯವು ಅವನನ್ನು ಕಟ್ಟಿರಲಿಲ್ಲವಷ್ಟೆ.

೩

ಹಾಗೆಂದ ಮಾತ್ರಕ್ಕೆ ಕಣ್ಣಾರೆ ಕಂಡವನೆಲ್ಲ ಪ್ರಮಾಣಪುರುಷನಾಗಲಾರನು. ಕಾಂಟಿಯು ಪಟ್ಟಣದ ಸುತ್ತಳತೆಯನ್ನು ೬೦ ಮೈಲಿಯೆಂದೂ, ಅರಸನಿಗೆ ೧೨,೦೦೦ ಹೆಂಡಿರೆಂದೂ ಹೇಳಿದನು. ಇಪ್ಪತ್ತು ಚಿಲ್ಲರೆ ವರ್ಷಗಳ ಮೇಲೆ ಬಂದ ಅಬ್ದುರ್ ರಜಾಕನು ಅಂತಃಪುರದ ಸ್ತ್ರೀಯರನ್ನು ೭೦೦ ಎಂದು ಎಣಿಸುತ್ತಾನೆ. ಅಂತಃಪುರವನ್ನು ಹೊಕ್ಕು ನೋಡಲು ಇಬ್ಬರಿಗೂ ಅವಕಾಶವಿರಲಿಲ್ಲ. ಇಬ್ಬರೂ ಬರೆದುದು ಕೇಳಿದ ಮಾತನ್ನು. ಪೇಸನು ಈ ವಿಷಯದಲ್ಲಿ ಹೆಚ್ಚು ಎಚ್ಚರಿಕೆಯವನು. ಒಂದೇ ಕಡೆಯಿಂದ ಪಟ್ಟಣವೆಲ್ಲವೂ ಕಾಣದಾದ ಕಾರಣ ಅದರ ವಿಸ್ತಾರವನ್ನು ಬರೆಯಲಾರೆನೆಂದೂ, ಒಂದು ಬೆಟ್ಟವನ್ನೇರಿ ನೋಡಿದಾಗ ಕಂಡಷ್ಟು ಭಾಗವೇ ರೋಮ್ ನಗರದಷ್ಟಿತ್ತೆಂದೂ ಹೇಳುತ್ತಾನೆ. ಕಂಡದ್ದೆಷ್ಟು, ಕಾಣದ್ದೆಷ್ಟು ಎಂಬ ಗೆರೆಯನ್ನು ತಾನೇ ಎಳೆದುಕೊಳ್ಳುವ ಸಾಕ್ಷಿಯ ಮಾತಿಗೆ ತೂಕ ಹೆಚ್ಚು.

ಹೆಸರಿನ ವಿಷಯದಲ್ಲಿಯೂ ಹೊರಗಿನವರು ಎಡವಿದ್ದಾರೆ. ಪೋರ್ತುಗೀಸರು ಈ ರಾಜ್ಯವನ್ನು 'ನರಸಿಂಗ'ವೆಂದು ಕರೆದರು. ಅದು ಸಾಳುವ ನರಸಿಂಹನ ಹೆಸರು. ಆ ಅರಸನು ೧೪೯೧ರಲ್ಲಿ ತೀರಿಕೊಂಡು, ಅವನ ವಂಶವೂ ಸಿಂಹಾಸನವನ್ನು ಕಳೆದುಕೊಂಡ ಮೇಲೆಯೂ ಪರದೇಶಸ್ಥರ ಕಾಗದಪತ್ರಗಳಲ್ಲಿ ರಾಜ್ಯವು ಅವನ ಹೆಸರಿನಿಂದಲೇ ನಡೆಯುತ್ತಿತ್ತು. ನಮ್ಮ ಶಾಸನಗಳಲ್ಲಾದರೋ ನಾಡಿಗೆ ಕರ್ಣಾಟವೆಂಬ ಹೆಸರಿದೆ. ಅರಸರು ಬಂದು ಹೋದರೂ ನಾಡಿನ ಹೆಸರು ಉಳಿಯುವುದೆಂಬ ಅರಿವು ಒಳಗಿನವನದು. ಕಾಲಗಣನೆಯಲ್ಲಿಯೂ ಇಂಥ ತಪ್ಪುಗಳುಂಟು. ರಾಯಚೂರಿನ ಯುದ್ಧವನ್ನು ಅಷ್ಟು ವಿವರವಾಗಿ ವರ್ಣಿಸಿದ ನೂನಿಜನೇ ಅದನ್ನು ೧೫೨೨ರಲ್ಲಿ ಇಟ್ಟಿದ್ದಾನೆ. ಅದು ೧೫೨೦ರ ಮೇ ತಿಂಗಳಿನದೆಂದು ಸಿವೆಲ್ಲರು ತೋರಿಸಿಕೊಟ್ಟರು.

ಮಹಾನವಮಿಯ ವರ್ಣನೆಯಲ್ಲಿ ಗುಣವೂ ದೋಷವೂ ಕೂಡಿಯೇ ಇವೆ. ಅಬ್ದುರ್ ರಜಾಕನು ಉತ್ಸವವು ಮೂರು ದಿನ ನಡೆಯಿತೆನ್ನುತ್ತಾನೆ. ಪೇಸನು ಒಂಬತ್ತು ದಿನವೆನ್ನುತ್ತಾನೆ. ಪೇಸನು ಕಡೆಯ ದಿನದಲ್ಲಿ ಬಲಿಯಾದ ಕೋಣಗಳನ್ನು ೨೫೦ ಎಂದೂ ಕುರಿಗಳನ್ನು ೪,೫೦೦ ಎಂದೂ ಲೆಕ್ಕವಿಡುತ್ತಾನೆ. ಆನೆ ಕುದುರೆಗಳ ಅಲಂಕಾರ, ಕುಸ್ತಿ, ನೃತ್ಯ, ಬಾಣಬಿರುಸುಗಳನ್ನು ಒಂದೊಂದಾಗಿ ಹೇಳುತ್ತಾನೆ. ಆದರೆ ದೇವೀಪೂಜೆಗೂ ಆಯುಧಪೂಜೆಗೂ, ಮಳೆಗಾಲ ಕಳೆದು ದಂಡು ಹೊರಡುವ ಕಾಲಕ್ಕೂ ಇರುವ ಸಂಬಂಧವು ಅವನ ಬರಹದಿಂದ ಹೊಳೆಯುವುದಿಲ್ಲ. ಕಣ್ಣಿಗೆ ಬೀಳುವುದನ್ನು ಹೊರಗಿನವನು ಬಿಡಲಿಲ್ಲ. ಅದರ ಅರ್ಥವು ಅವನ ಕೈಗೆ ಸಿಕ್ಕಲಿಲ್ಲ.

೪

ಇನ್ನು ಒಳಗಿನವರು. ಇವರೂ ಒಂದೇ ಬಗೆಯವರಲ್ಲ. ಆಸ್ಥಾನಕವಿ ಬೇರೆ, ಶಾಸನವನ್ನು ಬರೆದ ಸೇನಬೋವ ಬೇರೆ, ಭಕ್ತಕವಿ ಬೇರೆ. ಕಾವ್ಯದಲ್ಲಿ ಪುರವರ್ಣನೆಯು ಅಷ್ಟಾದಶವರ್ಣನೆಗಳಲ್ಲಿ ಒಂದು. ಕೋಟೆಯು ಮುಗಿಲನ್ನು ಮುಟ್ಟಬೇಕು, ಅಗಳು ಪಾತಾಳಕ್ಕಿಳಿಯಬೇಕು. ಇದನ್ನು ಅಳತೆಯೆಂದು ಹಿಡಿಯುವವನು ಕಾಂಟಿಯ ೬೦ ಮೈಲಿಯನ್ನು ನಂಬುವವನಿಗಿಂತ ಜಾಣನಲ್ಲ. ಆದರೆ ಕನಕದಾಸರ ಮೋಹನತರಂಗಿಣಿಯಂಥ ಕೃತಿಯಲ್ಲಿ ದ್ವಾರಕೆಯ ನೆಪದಿಂದ ವಿಜಯನಗರದ ಛಾಯೆಯೇ ಮೂಡಿದೆಯೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅಲ್ಲಿ ಸಂಪ್ರದಾಯದಿಂದ ಬಂದುದನ್ನು ಕಳೆದು ಮಿಕ್ಕುದನ್ನು ಎತ್ತಿಕೊಳ್ಳುವ ವಿವೇಕವು ಸಂಶೋಧಕನಿಗೆ ಬೇಕು.

ಶಾಸನಗಳ ರೀತಿಯೇ ಬೇರೆ. ಶಾಸನದ ಮೊದಲ ಭಾಗವು ಬಿರುದುಗಳಿಂದ ತುಂಬಿದ ಪ್ರಶಸ್ತಿ. ಅಲ್ಲಿ ಉತ್ಪ್ರೇಕ್ಷೆಗೆ ಮಿತಿಯಿಲ್ಲ. ಆದರೆ ದಾನದ ಭಾಗಕ್ಕೆ ಬಂದೊಡನೆ ಅದೇ ಲೇಖಕನು ಬೇರೊಬ್ಬನಾಗುತ್ತಾನೆ. ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ೧೫೧೦ರ ಶಾಸನವನ್ನೇ ತೆಗೆದುಕೊಳ್ಳಬಹುದು. ಪಟ್ಟಾಭಿಷೇಕದ ಸಂದರ್ಭದಲ್ಲಿ ಅರಸನು ರಂಗಮಂಟಪವನ್ನು ಕಟ್ಟಿಸಿದುದೂ, ಗೋಪುರದ ಕೆಲಸವನ್ನು ಮಾಡಿಸಿದುದೂ, ಸಿಂಗೇನಾಯಕನಹಳ್ಳಿಯನ್ನು ದತ್ತಿಬಿಟ್ಟುದೂ ಅದರಲ್ಲಿ ನಿಷ್ಕೃಷ್ಟವಾಗಿ ಬರೆದಿವೆ. ಎಲ್ಲೆ, ಭಾಗ, ತೆರಿಗೆ, ಹಕ್ಕು ಇವುಗಳಲ್ಲಿ ಒಂದಕ್ಷರ ತಪ್ಪಿದರೆ ನಾಳೆ ವ್ಯಾಜ್ಯವಾಗುವುದು. ಆದುದರಿಂದ ದೇಶೀಯರಿಗೆ ಚರಿತ್ರಬುದ್ಧಿಯಿಲ್ಲವೆನ್ನುವವರು ದೇಶೀಯರು ಯಾವುದಕ್ಕಾಗಿ ಬರೆದರೆಂಬುದನ್ನು ವಿಚಾರಿಸಿದವರಲ್ಲ. ಹೊರಗಿನವನು ತಿಳಿಯದವರಿಗೆ ತಿಳಿಸಲು ಬರೆದನು. ಒಳಗಿನವನು ತಿಳಿದವರು ತಪ್ಪದಿರಲೆಂದು ಬರೆದನು. ಕಣ್ಣಿಗೆ ಕಾಣುವ ವಿಷಯದಲ್ಲಿ ಮೊದಲನೆಯವನು ಬಲವಾದ ಸಾಕ್ಷಿ. ಹೊಣೆಗೆ ಒಳಪಡುವ ವಿಷಯದಲ್ಲಿ ಎರಡನೆಯವನು ಬಲವಾದ ಸಾಕ್ಷಿ.

೫

ಈ ನಿಯಮವನ್ನು ಒಂದು ಕೆರೆಯ ಕಥೆಯಿಂದ ಪರೀಕ್ಷಿಸಬಹುದು. ಕೃಷ್ಣದೇವರಾಯನು ಎರಡು ಬೆಟ್ಟಗಳ ನಡುವೆ ಏರಿ ಹಾಕಿಸಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನೆಂದು ಪೇಸನೂ ನೂನಿಜನೂ ಬರೆದಿದ್ದಾರೆ. ಹೊಸಪೇಟೆಯ ದಕ್ಷಿಣದಲ್ಲಿರುವ ಏರಿಯು ಅದರದೆಂದು ಗುರುತಿಸಿದ್ದಾರೆ. ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ನೆಲ ಕಾಣದ ಹಾಗೆ ಕೆಲಸ ಮಾಡುತ್ತಿದ್ದುದನ್ನು ಪೇಸನು ಕಣ್ಣಾರೆ ಕಂಡನು. ಏರಿಯು ಎರಡು ಮೂರು ಸಲ ಒಡೆಯಿತೆಂದೂ, ಬ್ರಾಹ್ಮಣರು ದೇವರನ್ನು ಕೇಳಿ ಬಂದು ರಕ್ತಬಲಿ ಬೇಕೆಂದು ಹೇಳಲಾಗಿ, ಅರಸನು ಗುಡಿಯ ಬಾಗಿಲಲ್ಲಿ ೬೦ ಜನರ ತಲೆಯನ್ನೂ ಕೆಲವು ಕುದುರೆ ಕೋಣಗಳ ತಲೆಯನ್ನೂ ಕಡಿಸಿದನೆಂದೂ ಅವನೇ ಹೇಳುತ್ತಾನೆ. ನೂನಿಜನ ಪ್ರಕಾರ ಹಾಗೆ ಸತ್ತವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳು.

ನಮ್ಮ ಕಡೆಯ ಬರಹಗಳಲ್ಲಿ ಕೆರೆಯನ್ನು ಕಟ್ಟುವ ಕ್ರಮವನ್ನು ತಿಳಿಸುವುದಕ್ಕೆ ಉತ್ತಮ ನಿದರ್ಶನವೆಂದರೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನ. ಇದು ಶಕ ೧೨೯೧, ಎಂದರೆ ಕ್ರಿ.ಶ. ೧೩೬೯ರದು, ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯನ್ನು ಕುರಿತದ್ದು. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಕೆಟ್ಟ ಕೆರೆಗೆ ಆರು ದೋಷಗಳನ್ನೂ ಅದು ಎಣಿಸುತ್ತದೆ. ಧರ್ಮಿಷ್ಠನಾದ ಒಡೆಯ, ಜಲಶಾಸ್ತ್ರವನ್ನು ಬಲ್ಲವನು, ಗಟ್ಟಿಯಾದ ನೆಲ, ದೂರದಿಂದ ಹರಿದು ಬರುವ ಸಿಹಿನೀರಿನ ಹೊಳೆ, ನೀಳವಾದ ಕಲ್ಲು ದೊರೆಯುವ ಗಣಿ, ಕುಶಲರಾದ ಕೆಲಸಗಾರರು ಮುಂತಾದುವು ಅಂಗಗಳು. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಣ್ಣೆಯಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು ಇವು ದೋಷಗಳು. ದಿನವೂ ೧,೦೦೦ ಆಳುಗಳೂ ಕಲ್ಲು ಸಾಗಿಸುವ ೧೦೦ ಬಂಡಿಗಳೂ ಎರಡು ವರ್ಷ ದುಡಿದುವೆಂಬುದೂ ಅಲ್ಲಿದೆ. ಪೇಸನು ಇರುವೆಗಳಂತೆ ಕಂಡ ಜನರ ಹಿಂದೆ ಇಂಥದೊಂದು ಶಾಸ್ತ್ರವೂ ಲೆಕ್ಕವೂ ಇದ್ದುವೆಂಬುದು ಅವನಿಗೆ ತಿಳಿಯಲಿಲ್ಲ.

ನೂನಿಜನ ಇನ್ನೊಂದು ಮಾತು ಇನ್ನೂ ವಿಚಾರಾರ್ಹವಾದುದು. ಗೋವೆಯಿಂದ ಬಂದ ಪೋರ್ತುಗೀಸ್ ಕಲ್ಲುಕೆಲಸದವನು ಸುಣ್ಣವನ್ನು ಸಿದ್ಧಪಡಿಸಬೇಕೆಂದು ಕೇಳಲು ಅರಸನು ನಕ್ಕನೆಂದೂ, ಈ ನಾಡಿನಲ್ಲಿ ಮನೆ ಕಟ್ಟುವುದಕ್ಕೆ ಸುಣ್ಣವನ್ನು ಬಳಸುವುದು ತಿಳಿಯದೆಂದೂ ಅವನು ಬರೆದನು. ಇದಕ್ಕೆ ಹಂಪೆಯ ಕಟ್ಟಡಗಳೇ ಉತ್ತರ ಕೊಡುತ್ತವೆ. ಗೋಪುರಗಳ ಮೇಲಂತಸ್ತುಗಳೆಲ್ಲ ಇಟ್ಟಿಗೆ ಗಾರೆಗಳವು. ಕಮಲಮಹಲಿನ ಗಾರೆಯ ಕುಸುರಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಆದರೆ ಮಾತು ಪೂರ್ತಿ ನಿರಾಧಾರವೂ ಅಲ್ಲ. ಕೋಟೆಯ ಗೋಡೆಗಳಲ್ಲಿ ಭಾರಿ ಬಂಡೆಗಳನ್ನು ಸುಣ್ಣವಿಲ್ಲದೆಯೇ ಒಂದಕ್ಕೊಂದು ಕೂಡಿಸಿ ನಿಲ್ಲಿಸಿದ್ದಾರೆ. ಕಲ್ಲಿನ ಕೆಲಸದಲ್ಲಿ ಕಂಡ ಒಂದು ಪದ್ಧತಿಯನ್ನು ನಾಡಿನ ಅಜ್ಞಾನವೆಂದು ಎಣಿಸಿದುದು ನೂನಿಜನ ತಪ್ಪು. ಕೆರೆಯ ಕೆಲಸ ನಡೆದು ಹತ್ತು ಹದಿನೈದು ವರ್ಷಗಳ ಮೇಲೆ ತನ್ನವರ ಬಾಯಿಂದ ಕೇಳಿ ಬರೆದವನು ಅವನೆಂಬುದನ್ನೂ ನೆನೆಯಬೇಕು.

ಹಾಗಾದರೆ ನರಬಲಿಯ ಮಾತನ್ನು ಏನು ಮಾಡೋಣ? ನಮ್ಮ ಲೇಖಕರಲ್ಲಿ ಕೆಲವರು ಪೇಸನು ಪಟ್ಟಣವನ್ನು ಹೊಗಳಿದ ಭಾಗವನ್ನು ಅಭಿಮಾನದಿಂದ ಎತ್ತಿ ಬರೆದು, ಈ ಭಾಗಕ್ಕೆ ಬಂದಾಗ ಪರಧರ್ಮದವನ ದ್ವೇಷವೆಂದು ತಳ್ಳಿಹಾಕುವುದುಂಟು. ಇದು ನ್ಯಾಯವಲ್ಲ. ಒಬ್ಬನೇ ಸಾಕ್ಷಿಯು ಹೊಗಳುವಾಗ ಸತ್ಯವಾದಿಯೂ ತೆಗಳುವಾಗ ಅಸತ್ಯವಾದಿಯೂ ಆಗಲಾರನು. ಇನ್ನು ಕೆಲವರು ಇದೊಂದನ್ನೇ ಹಿಡಿದು ಆ ಕಾಲದ ನಾಗರಿಕತೆಯನ್ನೇ ಅಳೆಯುವರು. ಅದೂ ನ್ಯಾಯವಲ್ಲ. ಪೇಸನು ಕೆಲಸಗಾರರನ್ನು ಕಂಡೆನೆಂದು ಹೇಳಿದಂತೆ ಬಲಿಯನ್ನು ಕಂಡೆನೆಂದು ಹೇಳಲಿಲ್ಲ. ಇಬ್ಬರ ಹೇಳಿಕೆಗಳು ವಿವರದಲ್ಲಿ ಬೇರೆಯಾದರೂ ಮೂಲದಲ್ಲಿ ಕೂಡುತ್ತವೆ. ಆದುದರಿಂದ ಅಂಥದೊಂದು ಘಟನೆಯು ನಡೆಯಿತೆಂಬ ಮಾತು ಆ ಕಾಲದಲ್ಲಿ ಪಟ್ಟಣದಲ್ಲಿ ಹರಡಿತ್ತೆಂಬುದು ಸಿದ್ಧ, ಸಂಖ್ಯೆಯು ಸಿದ್ಧವಲ್ಲ. ದೇಶೀಯರ ಮೌನವನ್ನು ನಿರಾಕರಣೆಯೆಂದು ಭಾವಿಸಕೂಡದು. ಇಷ್ಟನ್ನು ಒಪ್ಪಿಕೊಳ್ಳುವುದರಿಂದ ನಮ್ಮ ಅಭಿಮಾನಕ್ಕೆ ಕುಂದಾದರೆ ಆಗಲಿ.

೬

ಕಡೆಯದಾಗಿ ಪ್ರಜೆಗಳ ಸ್ಥಿತಿ. ರೈತನು ಬೆಳೆದುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಡೆಯನಿಗೆ ಹೋಗುತ್ತಿತ್ತೆಂದೂ, ಭೂಮಿಯನ್ನು ಹಿಡಿದವರು ಜನರನ್ನು ಬಹಳ ಪೀಡಿಸುತ್ತಿದ್ದರೆಂದೂ ನೂನಿಜನು ಬರೆದಿದ್ದಾನೆ. ಹತ್ತನೆಯ ಒಂದು ಪಾಲಿನಿಂದ ಒಕ್ಕಲುಮಗನು ಬದುಕಿ ಮರುವರ್ಷ ಬಿತ್ತುವುದು ಅಸಾಧ್ಯವಾದ್ದರಿಂದ ಈ ಪ್ರಮಾಣವನ್ನು ಅಕ್ಷರಶಃ ಹಿಡಿಯಲಾಗದು. ಆದರೆ ಪೀಡೆಯ ಮಾತನ್ನೂ ಅದರೊಡನೆ ತಳ್ಳಿಹಾಕಬಹುದೇ?

ಇಲ್ಲಿ ಒಳಗಿನವರ ಸಾಕ್ಷ್ಯವೇ ಅವನಿಗೆ ಬೆಂಬಲವಾಗಿ ನಿಲ್ಲುತ್ತದೆ. ಆ ಸಾಕ್ಷಿಯು ಸಾಮಾನ್ಯನಲ್ಲ, ಸ್ವತಃ ಕೃಷ್ಣದೇವರಾಯನು. ತೆಲುಗಿನಲ್ಲಿ ತಾನು ರಚಿಸಿದ ಆಮುಕ್ತಮಾಲ್ಯದದ ರಾಜನೀತಿಯ ಭಾಗದಲ್ಲಿ ಅರಸನು ಕೆರೆ ಕಾಲುವೆಗಳನ್ನು ತೋಡಿಸಿ, ಬಡ ರೈತನಿಗೆ ತೆರಿಗೆಯನ್ನು ಇಳಿಸಬೇಕೆಂದು ಹೇಳುತ್ತಾನೆ. ಪ್ರಜೆಗಳು ನೊಂದು ಊರು ಬಿಟ್ಟು ಹೋದಾಗ ಅವರನ್ನು ಕರೆತರದೆ, ಅವರ ದನವನ್ನೂ ಧಾನ್ಯವನ್ನೂ ಮಾರಿಕೊಂಡು, ಮನೆಯ ಮರವನ್ನು ಸೌದೆಮಾಡುವ ಅಧಿಕಾರಿಯನ್ನು ಇಟ್ಟುಕೊಂಡ ದೊರೆಯು ಸಪ್ತದ್ವೀಪಗಳನ್ನು ಗೆದ್ದರೂ ಏಳಿಗೆ ಕಾಣನೆಂದೂ ಎಚ್ಚರಿಸುತ್ತಾನೆ. ಇಂಥ ಅಧಿಕಾರಿಗಳನ್ನು ಬಲ್ಲವನಲ್ಲದೆ ಮತ್ತಾರು ಹೀಗೆ ಬರೆದಾರು? ಇನ್ನೂ ಒಳಗಿನ ದನಿಯೊಂದು ತಮಿಳುನಾಡಿನ ವೃದ್ಧಾಚಲ, ಕೊರುಕ್ಕೈ ಮುಂತಾದ ಕಡೆಯ ೧೪೨೯ರ ಶಾಸನಗಳಲ್ಲಿದೆ. ಬಲಗೈ ಎಡಗೈ ಪಂಗಡಗಳ ಜನರು ತಮ್ಮ ಹಳೆಯ ಕಲಹವನ್ನು ಮರೆತು ಒಂದಾಗಿ, ಅಧಿಕಾರಿಗಳ ಬಲಾತ್ಕಾರವನ್ನು ತಡೆಯಲು ನಿಶ್ಚಯಿಸಿ, ತಾವು ಕೊಡತಕ್ಕ ತೆರಿಗೆಗಳನ್ನು ಕಲ್ಲಿನಲ್ಲಿ ಕಂಡರಿಸಿದರು. ಅದು ಇಮ್ಮಡಿ ದೇವರಾಯನ ಆಳಿಕೆ. ಹದಿನಾಲ್ಕು ವರ್ಷಗಳ ಮೇಲೆ ಅಬ್ದುರ್ ರಜಾಕನು ಅದೇ ಅರಸನ ಪಟ್ಟಣದಲ್ಲಿ ಗುಲಾಬಿ ಹೂವಿನ ಅಂಗಡಿಗಳನ್ನು ಕಂಡು ಮೆಚ್ಚಿದನು. ಎರಡೂ ನಿಜ. ಪಟ್ಟಣದಲ್ಲಿ ನಿಂತವನಿಗೆ ಹೂವು ಕಂಡಿತು. ಹಳ್ಳಿಯಲ್ಲಿದ್ದವನು ತೆರಿಗೆಯನ್ನು ಬರೆಯಿಸಿದನು.

ಆದುದರಿಂದ ಸಾಕ್ಷಿಯು ಸ್ವದೇಶಿಯೋ ಪರದೇಶಿಯೋ ಎಂಬುದು ಮೊದಲ ಪ್ರಶ್ನೆಯಾಗಕೂಡದು. ಅವನು ಎಲ್ಲಿ ನಿಂತಿದ್ದನು, ಯಾರಿಗಾಗಿ ಬರೆದನು, ತಪ್ಪು ಬರೆದಿದ್ದರೆ ಅವನನ್ನು ಕೇಳುವವರು ಯಾರಿದ್ದರು ಎಂಬ ಮೂರು ಪ್ರಶ್ನೆಗಳನ್ನು ಇಬ್ಬರಿಗೂ ಸಮನಾಗಿ ಹಾಕಬೇಕು. ಮಹಾನವಮಿ ದಿಬ್ಬದ ಬದಿಗಳಲ್ಲಿ ಎತ್ತರದ ಟೊಪ್ಪಿಗೆಯಿಟ್ಟ ಪರದೇಶಸ್ಥರ, ಕುದುರೆಗಳನ್ನು ನಡೆಸಿಕೊಂಡು ಬರುವವರ ಶಿಲ್ಪಗಳನ್ನು ನಮ್ಮ ಕಲ್ಲುಕುಟಿಗರು ಕಂಡರಿಸಿದ್ದಾರೆ. ಹೊರಗಿನವರು ನಮ್ಮನ್ನು ನೋಡಿ ಬರೆಯುತ್ತಿದ್ದ ಕಾಲದಲ್ಲಿ ನಮ್ಮವರೂ ಅವರನ್ನು ನೋಡುತ್ತಿದ್ದರೆಂಬುದಕ್ಕೆ ಅದೇ ಗುರುತು. ಹಂಪೆಗೆ ಹೋಗುವ ಸಂಶೋಧಕರು ಪೇಸನ ಗ್ರಂಥವನ್ನು ಕೈಯಲ್ಲಿ ಹಿಡಿದು ದಿಬ್ಬವನ್ನು ಏರುವುದು ವಾಡಿಕೆಯಾಗಿದೆ. ಏರುವುದಕ್ಕೆ ಮೊದಲು ಈ ಕಲ್ಲುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕೆಂದು ವಾಚಕರಲ್ಲಿ ಬಿನ್ನವಿಸುತ್ತೇನೆ.